ಬತಾಸಿಯ ಎಡಗೆನ್ನೆ

ಮದುವೆ ಮನೆಯಲ್ಲಿ ಎಲ್ಲರೂ ಉಂಡು ಕೈತೊಳೆದ ಮೇಲೆ ಊಟಕ್ಕೆ ಕೂರುವವರು ಇಬ್ಬರು. ಒಬ್ಬಳು ಫೋಟೋ ತೆಗೆಯುವ ನಾನು, ಇನ್ನೊಬ್ಬರು ಕುದುರೆ ತರುವ ಭೀಮಶ್ಯಾ ಕಾಕಾ. ಬೀಗರ ಪಂಕ್ತಿ ಮುಗಿದು, ಬ್ಯಾಂಡಿನವರೂ ಎದ್ದು, ಹುಗ್ಗಿ ತಳ ಹಿಡಿಯುವ ಹೊತ್ತಿಗೆ ಯಾರಿಗಾದರೂ ನಮ್ಮ ನೆನಪಾಗುತ್ತದೆ. ವಾಡಿ, ಶಹಾಬಾದ, ಚಿತ್ತಾಪುರ, ಸೇಡಂ, ಯಾವ ಊರಿನ ಕಲ್ಯಾಣ ಮಂಟಪಕ್ಕೆ ಹೋದರೂ ಇದೇ ಪಾಡು. ಹನ್ನೊಂದು ವರ್ಷ ಎದುರುಬದುರು ಕೂತು ತಣ್ಣಗಾದ ಅನ್ನ ಉಂಡವರ ನಡುವೆ ಒಂದು ನಂಟು ಬೆಳೆದೇ ಬೆಳೆಯುತ್ತದೆ. ನನ್ನ ಗಂಡನ ಕಡೆಯ ಎಷ್ಟೋ ಸಂಬಂಧಿಕರಿಗಿಂತ ಕಾಕಾ ನನಗೆ ಹತ್ತಿರ. ಇದನ್ನು ಬಾಯಿಬಿಟ್ಟು ಹೇಳಿ ಮನೆಯಲ್ಲಿ ಬೈಸಿಕೊಂಡೂ ಇದ್ದೇನೆ.

ನನ್ನ ಹೆಸರು ಅಂಬಿಕಾ. ವಾಡಿಯ ಸ್ಟೇಷನ್ ರಸ್ತೆಯಲ್ಲಿ ನನ್ನದೊಂದು ಸಣ್ಣ ಸ್ಟುಡಿಯೋ ಇದೆ. ಪಾಸ್‌ಪೋರ್ಟ್ ಸೈಜಿನ ಫೋಟೋಗಳಿಂದ ಹೊಟ್ಟೆಪಾಡು, ಮದುವೆಗಳಿಂದ ಹೆಸರು. ಮದುಮಗಳ ಮೊಡವೆ, ಮದುಮಗನ ಹಣೆಯ ಗಾಯದ ಗುರುತು, ಅತ್ತೆಯ ಕಣ್ಣ ಕೆಳಗಿನ ಕಪ್ಪು, ಎಲ್ಲವನ್ನೂ ಕಂಪ್ಯೂಟರಿನಲ್ಲಿ ಅಳಿಸಿ ಕೊಡುವುದರಲ್ಲಿ ನನ್ನ ಕೈ ಪಳಗಿದೆ. ಈ ಸೀಮೆಯಲ್ಲಿ ನಾನು ತಿಕ್ಕಿ ನುಣುಪು ಮಾಡದ ಮುಖ ಕಡಿಮೆ. ಜಂಬಕ್ಕೆ ಹೇಳುತ್ತಿಲ್ಲ, ಈ ಮಾತು ಮುಂದೆ ಬೇಕಾಗುತ್ತದೆ.

ಕಾಕಾ ಹುಟ್ಟಿದ್ದು ಶಹಾಬಾದ ಹತ್ತಿರದ ಹಳ್ಳಿಯೊಂದರಲ್ಲಿ. ಹದಿನಾಲ್ಕನೆಯ ವಯಸ್ಸಿಗೆ ಪರಸಿ ಎನ್ನುವ ಹಾಸುಗಲ್ಲಿನ ಖಣಿಗೆ ಇಳಿದವರು ನಲವತ್ತು ದಾಟುವವರೆಗೂ ಅಲ್ಲೇ ಸುತ್ತಿಗೆ ಹಿಡಿದಿದ್ದರು. ಒಂದು ದಿನ ಖಣಿ ಮುಚ್ಚಿತು. ಕಲ್ಲು ಬಿಟ್ಟು ಬೇರೆ ಕೆಲಸ ಬಾರದ ಮನುಷ್ಯ, ಮೂರು ತಿಂಗಳು ಮನೆಯ ಹೊಸಿಲು ದಾಟಲಿಲ್ಲವಂತೆ. ಅವರನ್ನು ಎಬ್ಬಿಸಿ ಹೊರಗೆ ತಂದವನು ಖಾಜಾ. ವಾಡಿ ಸ್ಟೇಷನ್ನಿನ ಮುಂದೆ ಟಾಂಗಾ ಓಡಿಸುತ್ತಿದ್ದ ಅವನು ಕಾಕಾನ ಚಿಕ್ಕಂದಿನ ಗೆಳೆಯ. ಆಟೋಗಳು ಬಂದು ಅವನ ಟಾಂಗಾಕ್ಕೂ ಕೊನೆಗಾಲ ಬಂದಿತ್ತು. ಒಂದು ಬೆಳಿಗ್ಗೆ ಅವನು ಎರಡು ವರ್ಷದ ಹೆಣ್ಣು ಕುದುರೆಯೊಂದನ್ನು ಹಗ್ಗ ಹಿಡಿದು ತಂದು ಕಾಕಾನ ಬಾಗಿಲ ಮುಂದೆ ಕಟ್ಟಿದ.

"ಟಾಂಗಾ ಖತಂ ಆಯ್ತು ಭೀಮಶ್ಯಾ. ಮದುವಿ ಖತಂ ಆಗಂಗಿಲ್ಲ. ಇದಕ್ಕ ಮೆರವಣಿಗಿ ಕಲಸು" ಎಂದಷ್ಟೇ ಹೇಳಿ ಹೊರಟುಹೋದ.

ಆ ಕುದುರೆಯೇ ಬತಾಸಿ. ಆಗ ಅವಳದು ಹೊಗೆಯ ಬಣ್ಣ. ಮುಂದೆ ಬೆಳ್ಳಗಾಗುತ್ತಾಳೆಂದು ಗೊತ್ತಿದ್ದ ಖಾಜಾ ಮೊದಲೇ ಬಿಳಿ ಸಕ್ಕರೆಯ ಬತ್ತಾಸಿನ ಹೆಸರಿಟ್ಟಿದ್ದ. ಅವಳ ಎಡಗಣ್ಣಿನ ಕೆಳಗೆ, ಎರಡು ಬೆರಳು ಬಿಟ್ಟು, ನಾಲ್ಕಾಣೆ ಅಗಲದ ಬೋಳು ಕಲೆಯೊಂದಿತ್ತು. ಮರಿಯಾಗಿದ್ದಾಗ ತಂತಿಬೇಲಿ ಹರಿದದ್ದು ಎಂದು ಖಾಜಾ ಹೇಳಿದ್ದ. ಕಾಕಾ ದಿನಾ ಬೆಳಿಗ್ಗೆ ಆ ಕಲೆಗೆ ಎಣ್ಣೆ ಅರಿಶಿನ ತಿಕ್ಕುತ್ತಾರೆ, ಎಂದಾದರೂ ಕೂದಲು ಬಂದೀತು ಎಂಬ ಆಸೆಗೆ. ಮೆರವಣಿಗೆಯ ದಿನ ಮಣಿಗೊಂಡೆಯ ಪಟ್ಟಿ ಅದನ್ನು ಮುಚ್ಚುತ್ತದೆ. ಬತಾಸಿ ಮೊದಲು ಹೊತ್ತದ್ದು ಕಾಕಾನ ಅಣ್ಣನ ಮಗನನ್ನು. ಅವರ ಓಣಿಯಲ್ಲಿ ಅದಕ್ಕೆ ಮುಂಚೆ ಯಾವ ಮದುಮಗನೂ ಕುದುರೆ ಹತ್ತಿರಲಿಲ್ಲ. ಅವತ್ತು ಯಂಕಮ್ಮ ಕಾಕಿ, ಅಂದರೆ ಕಾಕಾನ ಹೆಂಡತಿ, ಮದುಮಗನಿಗಿಂತ ಮೊದಲು ಕುದುರೆಯ ಕಾಲಿಗೆ ನೀರು ಹಾಕಿದಳಂತೆ.

ಹದಿನೆಂಟು ವರ್ಷದಲ್ಲಿ ಆ ಒಂದು ಕುದುರೆ ನಾಲ್ಕಾಯಿತು. ವಾಡಿಯಿಂದ ನಾಲವಾರದ ಕಡೆ ಹೋಗುವ ದಾರಿಯಲ್ಲಿ, ಕಲ್ಲು ತೆಗೆದು ಬಿಟ್ಟ ಹಳೆಯ ತಗ್ಗಿನ ಪಕ್ಕ, ಎರಡು ಎಕರೆ ಜಾಗ. ಪರಸಿಗಳನ್ನು ನೆಟ್ಟಗೆ ನಿಲ್ಲಿಸಿ ಹಾಕಿದ ಬೇಲಿ, ಪರಸಿಯದೇ ಗೋಡೆ, ಪರಸಿಯದೇ ನೀರಿನ ತೊಟ್ಟಿ. ಕಲ್ಲು ಬಿಟ್ಟರೂ ಕಲ್ಲು ಅವರನ್ನು ಬಿಟ್ಟಿಲ್ಲ. ಶಹಾಬಾದದಲ್ಲಿ ಟೀಚರ್ ಆಗಿರುವ ಮಗಳು ಮೈತ್ರಿ ಬಾಗಿಲಿಗೆ 'ಭೀಮಶ್ಯಾ ಕುದುರೆ ಫಾರ್ಮ್' ಎಂದು ಚೆಂದದ ಅಕ್ಷರದಲ್ಲಿ ಬರೆದಿದ್ದಾಳೆ.

ಖಾಜಾ ಕುದುರೆಯ ಜೊತೆ ಸುಳಿ ನೋಡುವ ವಿದ್ಯೆಯನ್ನೂ ಕಾಕಾನಿಗೆ ಕೊಟ್ಟಿದ್ದ. ಕುದುರೆಯ ಮೈಮೇಲೆ ಕೂದಲು ಎಲ್ಲೆಲ್ಲಿ ತಿರುಗಿ ಕೂತಿದೆ ಎಂಬುದರ ಮೇಲೆ ಅದರ ಹಣೆಬರಹ. ಹಣೆಯ ಸುಳಿ ಒಳ್ಳೆಯದು, ಎದೆಯ ಸುಳಿ ನಡೆಯುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಕಣ್ಣೀರ ಸುಳಿ. ಕಣ್ಣಿನ ಕೆಳಗೆ, ನೀರು ಇಳಿಯುವ ದಾರಿಯಲ್ಲಿ ಅದಿದ್ದರೆ ಆ ಕುದುರೆ ಕಟ್ಟಿದ ಮನೆಯಲ್ಲಿ ಅಳು ನಿಲ್ಲುವುದಿಲ್ಲವಂತೆ. ಮದುಮಗನನ್ನು ಕೂರಿಸುವ ಮಾತು ದೂರ, ಅಂಥ ಕುದುರೆಯನ್ನು ಹಟ್ಟಿಯಲ್ಲಿ ಉಳಿಸಿಕೊಳ್ಳಲೇಬಾರದು ಎಂದು ಖಾಜಾ ಕಲಿಸಿದ್ದ.

ಕಾಕಾ ಬೌದ್ಧ ದೀಕ್ಷೆ ತೆಗೆದುಕೊಂಡವರು. ಅಮಾವಾಸ್ಯೆಯ ಹೆದರಿಕೆ, ನಿಂಬೆಹಣ್ಣು, ಅಡ್ಡ ಬಂದ ಬೆಕ್ಕು, ಎಲ್ಲವನ್ನೂ ಒಂದೇ ದಿನ ಬಿಟ್ಟರು. ಸುಳಿಯೊಂದನ್ನು ಬಿಡಲಿಲ್ಲ. ಇದನ್ನು ಹಿಡಿದು ನಾನು ಎಷ್ಟೋ ಸಲ ಕಾಲೆಳೆದಿದ್ದೇನೆ.

"ಅದು ದೇವರ ಮಾತಲ್ರಿ ಬಾಯೋರ, ಖಾಜಾನ ಮಾತು" ಎನ್ನುತ್ತಿದ್ದರು. ಖಾಜಾ ತೀರಿಕೊಂಡು ನಾಲ್ಕು ವರ್ಷವಾದ ಮೇಲಂತೂ ಆ ಮಾತಿನ ಮುಂದೆ ಯಾರೂ ಉಸಿರೆತ್ತುವಂತಿರಲಿಲ್ಲ.

ಈ ವರ್ಷ ಚಳಿ ಇಳಿಯುವ ಹೊತ್ತಿಗೆ ಕಾಕಾ ನನ್ನ ಸ್ಟುಡಿಯೋಕ್ಕೆ ಬಂದರು. ಎಡಗಣ್ಣಿನ ಪೊರೆ ಬೆಳೆದು ಬೆಳ್ಳಗಾಗಿತ್ತು. ಎರಡು ಸಲ ಆಪರೇಷನ್ ತಪ್ಪಿಸಿಕೊಂಡಿದ್ದರು. ಮೂರನೆಯ ಸಲ ಮೈತ್ರಿ ಬಿಡಲಿಲ್ಲ. ಬತಾಸಿ ಈಯುವ ದಿನವೂ, ಆಪರೇಷನ್ನಿನ ದಿನವೂ ಒಂದೇ ವಾರಕ್ಕೆ ಬಂದು ಕೂತಿದ್ದವು.

"ಬಾಯೋರ, ಬತಾಸಿಗಿ ಇಪ್ಪತ್ತು ತುಂಬ್ಯಾವ. ಇದೇ ಕಡೀ ಸೂಲು" ಎಂದರು ಕಾಕಾ. "ಮೊದಲಿನ ಎರಡೂ ಗಂಡು, ಎಲ್ಲೆಲ್ಲೋ ಹೋದವು. ಈ ಸಲ ಹೆಣ್ಣಾದರ ಖಾಜಾ ಕೊಟ್ಟ ಬಳ್ಳಿ ಹಟ್ಟ್ಯಾಗ ಉಳೀತದ. ನಾ ಮಗಳ ಮನ್ಯಾಗ ಕುಂದ್ರಬೇಕು, ಡಾಕ್ಟರು ಇಪ್ಪತ್ತು ದಿನ ಧೂಳು, ಹುಲ್ಲು ಬಲ್ಲಿ ಹೋಗಬ್ಯಾಡ ಅಂದಾರ. ನೀವು ಅಲ್ಲಿ ಇದ್ದು ಕೂಸು ಹುಟ್ಟೂದು ಪೂರಾ ಹಿಡೀರಿ. ಮೊಬೈಲ್ ಬ್ಯಾಡ, ಕೈಯಾಗ ಹಿಡಿಯೋ ಫೋಟೋ ಬೇಕು. ಹೊಸಾ ಕಣ್ಣಿಲೆ ನೋಡ್ತೀನಿ."

ಮದುವೆ ತೆಗೆಯುವವಳು ಹೆರಿಗೆ ತೆಗೆಯುವುದೆಂದರೆ! ನಗು ಬಂತು. ಆದರೆ ಆ ಬೆಳ್ಳಗಿನ ಕಣ್ಣನ್ನು ನೋಡಿ ಒಪ್ಪಿಕೊಂಡೆ.

ಸೋಮವಾರ ಸ್ಕೂಟಿಯ ಮೇಲೆ ಕ್ಯಾಮರಾ, ಹೊದಿಕೆ, ರೊಟ್ಟಿಯ ಗಂಟು ಕಟ್ಟಿಕೊಂಡು ಫಾರ್ಮ್ ಸೇರಿದೆ. ಮೂರು ದಿನ ಬತಾಸಿ ನನ್ನನ್ನು ನೋಡಿದಳು, ನಾನು ಅವಳನ್ನು ನೋಡಿದೆ. ಕೆಚ್ಚಲು ಬಿಗಿದಿತ್ತು, ಮೊಲೆಯ ತುದಿಗೆ ಮೇಣದಂಥ ಹನಿ ಬಂದು ನಿಂತಿತ್ತು. ಇವತ್ತು, ಇನ್ನೇನು ಇವತ್ತು ಎಂದು ಯಂಕಮ್ಮ ಕಾಕಿ ಹೇಳುವುದು, ನಾನು ಕ್ಯಾಮರಾ ಹಿಡಿದು ಕೂರುವುದು, ಬತಾಸಿ ಆರಾಮವಾಗಿ ಕಡಲೆ ಹೊಟ್ಟು ಮೇಯುವುದು. ಬುಧವಾರ ಸಂಜೆಗೆ ನನ್ನ ತಾಳ್ಮೆ ಮುಗಿಯಿತು.

"ಕಾಕಿ, ನಿಮ್ಮ ಕುದುರಿ ನನಗ ಆಟ ಆಡಸಾಕತ್ತದ" ಎಂದೆ.

ಕಾಕಿ ಬಾಯಿ ತುಂಬ ನಕ್ಕಳು. "ಹೆಣ್ಣ ಕುದುರಿ ಮಂದಿ ಮುಂದ ಈಯಂಗಿಲ್ಲವಾ. ನೀ ನೋಡೂತನ ಆಕಿ ತಡದು ಹಿಡೀತಾಳ. ನೀ ಬಸರಿದ್ದಾಗ ದವಾಖಾನಿ ಬಾಗಲ್ದಾಗ ಯಾರರ ಕ್ಯಾಮರಾ ಹಿಡಕೊಂಡು ಕುಂತಿದ್ರ ಹಡೀತಿದ್ದೇನು?"

ಎರಡು ಹೆತ್ತ ನಾನೂ ನಕ್ಕೆ. ಕಾಕಿ ಒಳಗಿನಿಂದ ಕಾಕಾನ ಹಳೆಯ ಅಂಗಿ, ಕಂಬಳಿ ತಂದು ಕೊಟ್ಟಳು. ಅವರ ಬೆವರಿನ ವಾಸನೆ ಬತಾಸಿಗೆ ಗೊತ್ತು, ಅದರೊಳಗೆ ಇದ್ದರೆ ಹೊರಗಿನವಳು ಅನ್ನಿಸುವುದಿಲ್ಲ ಎಂಬ ಲೆಕ್ಕ. ನಾನು ಬೀಡಿಯ ಘಮಲಿನ ಆ ಅಂಗಿ ತೊಟ್ಟು, ಕಂಬಳಿ ಹೊದ್ದು, ಜೋಳದ ಕಣಕಿಯ ರಾಶಿಯ ಹಿಂದೆ ಮಲಗಿದೆ. ಕ್ಯಾಮರಾದ ಸದ್ದನ್ನೂ ಬಂದ್ ಮಾಡಿಟ್ಟೆ.

ಗುರುವಾರ ಬೆಳಕು ಹರಿಯುವ ಹೊತ್ತು. ಕಾಕಿ ತೊಟ್ಟಿಗೆ ನೀರು ಬಿಡಲು ಎದ್ದು ಹೋಗಿದ್ದಳು. ಬತಾಸಿ ಒಂದು ಸುತ್ತು ಹಾಕಿದಳು, ಬಾಲ ಎತ್ತಿದಳು, ತನ್ನ ಪಕ್ಕೆಯನ್ನು ತಾನೇ ತಿರುಗಿ ನೋಡಿದಳು. ನೀರು ಒಡೆದು ಸುರಿಯಿತು. ಮುಂಗಾಲು ಮಡಿಚಿ ಮಲಗಿ ದೀರ್ಘವಾಗಿ ಉಸಿರು ಬಿಟ್ಟಳು. ಬೆಳ್ಳಗಿನ ಪೊರೆಯೊಳಗೆ ಒಂದು ಗೊರಸು ಕಂಡಿತು, ಅದರ ಹಿಂದೆ ಇನ್ನೊಂದು, ಎರಡರ ಮೇಲೆ ಸಣ್ಣ ಮೂಗು. ತಾಯಿಯ ಹೊಟ್ಟೆ ಹರಿಯಬಾರದೆಂದು ಗೊರಸಿನ ತುದಿಗೆಲ್ಲ ಮೆತ್ತನೆಯ ಬಿಳಿ ಎಸಳು ಅಂಟಿರುತ್ತವೆ. ನನಗೆ ಅದು ಗೊತ್ತಿರಲಿಲ್ಲ. ಒಂದರ ಹಿಂದೆ ಒಂದು ತೆಗೆಯುತ್ತ ಹೋದೆ. ಭುಜ ದಾಟಿದ ಮೇಲೆ ಉಳಿದದ್ದು ಜಾರಿ ಬಂತು. ಬತಾಸಿ ಅಲ್ಲೇ ದಣಿದು ಮಲಗಿದಳು. ಮರಿಯ ಹಿಂಗಾಲು ಇನ್ನೂ ಒಳಗೇ ಇದ್ದವು, ತಲೆ ಹೊರಗೆ ಹುಲ್ಲಿನ ಮೇಲೆ ನಡುಗುತ್ತಿತ್ತು. ಆ ಹೊತ್ತಿನಲ್ಲಿ ನಾನು ಒಂದು ಫೋಟೋನೂ ತೆಗೆಯಲಿಲ್ಲ. ಅಳು ಬಂದಿತ್ತು, ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ.

ಕಾಕಿ ಸದ್ದಿಲ್ಲದೆ ಬಂದು ಬಾಗಿಲಲ್ಲಿ ನಿಂತು, ಬಾಗಿ ನೋಡಿ, ಪಿಸುಗುಟ್ಟಿದಳು. "ಹೆಣ್ಣ ಅದ."

ಬತಾಸಿ ಎದ್ದಳು. ಹೊಕ್ಕುಳಬಳ್ಳಿ ತಾನಾಗಿ ಹರಿಯಿತು. ಗಂಟಲಿನಲ್ಲೇ ಏನೋ ಮಾತಾಡುತ್ತ ಮರಿಯನ್ನು ಮೂಗಿನಿಂದ ಬಾಲದವರೆಗೆ ನೆಕ್ಕತೊಡಗಿದಳು. ಮರಿ ನಾಲ್ಕು ಸಲ ಎದ್ದು ನಾಲ್ಕು ಸಲ ಬಿತ್ತು, ಐದನೆಯ ಸಲ ಕಾಲು ಅಗಲಿಸಿ ನಿಂತಿತು. ಅಷ್ಟರಲ್ಲಿ ವಾಡಿಯ ಕಡೆಯಿಂದ ರೈಲು ಕೂಗಿತು. ತಾಯಿ, ಮರಿ ಇಬ್ಬರೂ ಒಟ್ಟಿಗೆ ಬಾಗಿಲ ಕಡೆ ಮುಖ ತಿರುಗಿಸಿದರು. ಎರಡು ಮುಖ ಒಂದರ ಪಕ್ಕ ಒಂದು, ಮೇಲೆ ಎಳೆಬಿಸಿಲು. ಅದನ್ನು ಹಿಡಿದೆ. ಹೊತ್ತು ಏರಿ, ಮರಿಯ ಮೈ ಒಣಗಿ, ಹಾಲು ಕುಡಿದು ಮಲಗಿದ ಮೇಲೆ ಹತ್ತಿರ ಹೋಗಿ ಅದರ ಎಡಗಣ್ಣನ್ನೇ ತುಂಬಿಸಿ ಇನ್ನೊಂದು ತೆಗೆದೆ. ರೆಪ್ಪೆಯ ಒಂದೊಂದು ಕೂದಲೂ ಎಣಿಸಬಹುದಿತ್ತು. ನನ್ನ ಇಷ್ಟು ವರ್ಷದ ಕೆಲಸದಲ್ಲಿ ಅಷ್ಟು ಒಳ್ಳೆಯ ಫೋಟೋ ಇನ್ನೊಂದಿಲ್ಲ.

ಎರಡು ದಿನ ಕೂತು ಫೋಟೋಗಳನ್ನು ತಯಾರಿಸಿದೆ. ಬತಾಸಿಯ ಮುಖ ಕಂಡಲ್ಲೆಲ್ಲ ಅಭ್ಯಾಸಬಲದಿಂದ ಕೈ ತಾನೇ ಹೋಯಿತು, ಕೆನ್ನೆಯ ಬೋಳು ಕಲೆಯನ್ನು ಅಳಿಸಿ ನುಣ್ಣಗೆ ಮಾಡಿದೆ. ಮರಿಯ ಮುಖದಲ್ಲಿ ಅಳಿಸುವಂಥದ್ದು ನನಗೇನೂ ಕಾಣಲಿಲ್ಲ.

ಶನಿವಾರ ಶಹಾಬಾದಕ್ಕೆ ಹೋದೆ. ಮೈತ್ರಿಯ ಮನೆಯ ಪಡಸಾಲೆಯಲ್ಲಿ ಕಾಕಾ ಕಪ್ಪು ಕನ್ನಡಕ ಹಾಕಿಕೊಂಡು, ಶಾಲೆಯ ಮಕ್ಕಳ ಹಾಗೆ ಕೈಕಟ್ಟಿ ಕೂತಿದ್ದರು. ಕನ್ನಡಕ ತೆಗೆದು ಒಂದೊಂದೇ ಫೋಟೋ ಹಿಡಿದು ನೋಡಿದರು. ಗೊರಸು, ಮೂಗು, ಪೊರೆ, ಎಲ್ಲಕ್ಕೂ ತಲೆಯಾಡಿಸಿದರು.

"ಬತಾಸಿ ಭಾಳ ಸಣ್ಣ ವಯಸ್ಸಿನಾಕಿ ಕಾಣಸ್ತಾಳ ನೋಡ್ರಿ. ಹೊಸಾ ಕಣ್ಣಿಗಿ ಎಲ್ಲಾ ಹೊಸಾದ ಕಾಣ್ತದೇನೋ" ಎಂದು ನಕ್ಕರು. ನಾನೂ ನನ್ನ ಕೈಚಳಕ ಬಯಲು ಮಾಡದೆ ನಕ್ಕೆ.

ಕೊನೆಗೆ ಕಣ್ಣಿನ ಫೋಟೋ ಬಂತು. ಕಾಕಾ ಅದನ್ನು ಕಿಟಕಿಯ ಬೆಳಕಿಗೆ ಹಿಡಿದರು. "ಇಲ್ಲಿ ನೋಡವಾ ಮೈತ್ರಿ, ಕಣ್ಣ ಸುತ್ತ ಬಿಳಿ ಕೂದಲ! ಈಗ ತೊಗರಿ ಬಣ್ಣ ಅದ, ಮುಂದ ತಾಯಿ ಹಾಂಗ ಬೆಳ್ಳಗಾಗ್ತದ. ಖಾಜಾ ಹೇಳಿದ ಗುರ್ತು ಇದೇ" ಎಂದು ಕೂಗಿದರು. ಆ ಕೂಗು ಬಾಯಲ್ಲಿರುವಾಗಲೇ ಅವರ ಹೆಬ್ಬೆರಳು ಫೋಟೋದ ಮೇಲೆ ಎರಡು ಬೆರಳು ಕೆಳಗೆ ಇಳಿದು ಅಲ್ಲೇ ನಿಂತುಬಿಟ್ಟಿತು.

ಸಣ್ಣ ಸುಳಿ. ಹಾಲು ಕಡೆದಾಗ ನಡುವೆ ಬೀಳುವ ಗುಳಿಯ ಹಾಗೆ ಕೂದಲು ತಿರುಗಿ ಕೂತಿತ್ತು.

ಕಾಕಾ ಫೋಟೋವನ್ನು ಬೋರಲು ಹಾಕಿದರು. "ಯಂಕಮ್ಮಗ ಹೇಳ್ರಿ, ಅದಕ್ಕ ಹೆಸರಿಡಬ್ಯಾಡ ಅಂತ. ಆರು ತಿಂಗಳು ಹಾಲು ಕುಡೀಲಿ. ಚಿಂಚೋಳಿ ಆಚಿ, ಗಡಿ ಕಡಿಂದ ಬಂಡಿಯಾಂವ ಒಬ್ಬ ಬಂಡಿ ಎಳಿಯಾಕ ಕುದುರಿ ಕೇಳ್ಯಾನ. ಅಂವ ಸುಳಿ ಗಿಳಿ ನೋಡಂಗಿಲ್ಲ. ಕೊಟ್ಟುಬಿಡೂಣು."

ಕುದುರೆ ಸಾಕುವವರಲ್ಲಿ ಹೆಸರಿಟ್ಟ ಮರಿಯನ್ನು ದುಡ್ಡಿಗೆ ಮಾರುವ ರೂಢಿಯಿಲ್ಲ. ಮಾರುವುದಾದರೆ ಹೆಸರಿಡಬಾರದು. ನನಗೆ ಸಿಟ್ಟು ನೆತ್ತಿಗೇರಿತು.

"ಅಮಾಸಿ ಬಿಟ್ಟಿರಿ, ಬೆಕ್ಕು ಬಿಟ್ಟಿರಿ, ನಾಕು ಕೂದಲ ಬಿಡಲಿಕ್ಕೆ ಆಗಂಗಿಲ್ಲೇನ್ರಿ?" ಎಂದೆ. "ಹೋಗಲಿ, ಆ ಜಾಗ ಒಂಚೂರು ಸುಟ್ಟುಬಿಟ್ರ? ಯಾರಿಗೆ ತಿಳೀತದ?" ಎಂದೂ ಕೇಳಿದೆ. ಮರಿ ಉಳಿದರೆ ಸಾಕೆಂಬ ಅವಸರದಲ್ಲಿ ಬಾಯಿಗೆ ಬಂದ ಮಾತು.

ಕಾಕಾ ನನ್ನನ್ನು ದಿಟ್ಟಿಸಿ ನೋಡಿದರು. "ಹಾಂಗ ಮಾಡೋರು ಅದಾರ. ಕಾದ ಸಲಾಕಿ ಇಟ್ಟು ಸುಳಿ ಸುಡ್ತಾರ. ಖಾಜಾ ಅಂಥೋರ ಮಾರಿ ಸೈತ ನೋಡ್ತಿದ್ದಿಲ್ಲ. ನನಗ ಅನ್ನ ಹಾಕಿದಾಂವ ಅಂವ. ಅಂವ ಕಲಿಸಿದ್ದು ನಾ ಹ್ಯಾಂಗ ಮುರೀಲಿ?" ಎಂದು ಕನ್ನಡಕ ಹಾಕಿಕೊಂಡರು. ಆ ಮರಿಗಾಗಿ ಅವರು ಎಷ್ಟು ದಿನದಿಂದ ಕಾದಿದ್ದರೆಂದು ನನಗೆ ಗೊತ್ತಿತ್ತು. ಕೊಡುವ ಮಾತಾಡಿ ಎಲ್ಲರಿಗಿಂತ ಹೆಚ್ಚು ನೊಂದವರು ಅವರೇ.

ಒಂದು ವಾರ ನನಗೆ ಸರಿಯಾಗಿ ಅನ್ನ ಸೇರಲಿಲ್ಲ. ನಾನು ಆ ಕಣ್ಣಿನ ಫೋಟೋ ತೆಗೆಯದೆ ಇದ್ದಿದ್ದರೆ? ಇವತ್ತಲ್ಲ ನಾಳೆ ಅವರೇ ನೋಡುತ್ತಿದ್ದರು, ನಿಜ. ಆದರೂ ಅಷ್ಟರಲ್ಲಿ ಹೆಸರಿಟ್ಟಾಗಿರುತ್ತಿತ್ತಲ್ಲ. ಇದೇ ಯೋಚನೆಯಲ್ಲಿ ಒಂದು ಮಧ್ಯಾಹ್ನ ಅಂಗಡಿಯಲ್ಲಿ ಗಿರಾಕಿಯಿಲ್ಲದಾಗ ಮೂಲ ಫೋಟೋಗಳನ್ನು, ನನ್ನ ಕೈ ಬೀಳುವ ಮುಂಚಿನವನ್ನು, ಮತ್ತೆ ತೆರೆದು ನೋಡುತ್ತ ಕೂತೆ. ರೈಲಿನ ಕೂಗಿಗೆ ಇಬ್ಬರೂ ಮುಖ ತಿರುಗಿಸಿದ ಫೋಟೋ ಬಂತು.

ಎರಡು ಮುಖ, ಎರಡೂ ಎಡಗೆನ್ನೆ. ಮರಿಯ ಕಣ್ಣಿನಿಂದ ಎರಡು ಬೆರಳು ಕೆಳಗೆ ಸುಳಿ. ತಾಯಿಯ ಕಣ್ಣಿನಿಂದ ಎರಡು ಬೆರಳು ಕೆಳಗೆ, ಅದೇ ಜಾಗದಲ್ಲಿ, ಬೋಳು ಕಲೆ.

ತಂತಿ ಹರಿದರೆ ಗೀರು ಬೀಳುತ್ತದೆ, ಉದ್ದಕ್ಕೆ. ಇದು ದುಂಡಗಿತ್ತು. ನಾಲ್ಕಾಣೆಯಷ್ಟು ದುಂಡಗೆ, ಸಲಾಕಿಯ ತುದಿಯಷ್ಟು ದುಂಡಗೆ.

ಅಂಗಡಿಯ ಬಾಗಿಲು ಎಳೆದು, ಏನೂ ಅಳಿಸದ ಆ ಒಂದು ಫೋಟೋವನ್ನು ದೊಡ್ಡದಾಗಿ ತೆಗೆದುಕೊಂಡು ಶಹಾಬಾದಕ್ಕೆ ಹೋದೆ. ಕಾಕಾನ ಮುಂದೆ ಇಟ್ಟು ಮೊದಲು ತಪ್ಪು ಒಪ್ಪಿಕೊಂಡೆ. "ಅವತ್ತು ಬತಾಸಿ ಸಣ್ಣಾಕಿ ಕಂಡಿದ್ದು ನಿಮ್ಮ ಕಣ್ಣಿಂದಲ್ಲ ಕಾಕಾ, ನನ್ನ ಕೈಯಿಂದ. ಕೆನ್ನಿ ಮ್ಯಾಲಿನ ಕಲಿ ನಾ ಅಳಸಿದ್ದೆ. ಇದು ಖರೇ ಫೋಟೋ."

ಕಾಕಾ ನೋಡಿದರು. ದಿನಾ ಬೆಳಿಗ್ಗೆ ತಾವೇ ಕೈಯಾರೆ ಎಣ್ಣೆ ತಿಕ್ಕಿದ ಜಾಗ. ಅಷ್ಟು ಸಲ ಮುಟ್ಟಿದ್ದನ್ನು ಒಂದು ಸಲವೂ ನೋಡಿರಲಿಲ್ಲ. ಬೆರಳನ್ನು ಮರಿಯ ಸುಳಿಯ ಮೇಲಿಟ್ಟರು, ತೆಗೆದು ತಾಯಿಯ ಕಲೆಯ ಮೇಲಿಟ್ಟರು.

"ಗಾಡಿ ತೆಗೀರಿ ಬಾಯೋರ" ಎಂದರು. "ಆಶಾಬಿ ಬಲ್ಲಿ ಹೋಗೂಣು."

ಮೈತ್ರಿ ಧೂಳು, ಡಾಕ್ಟರು ಎಂದು ಕೂಗುತ್ತಲೇ ಇದ್ದಳು. ಕಾಕಾ ತಲೆಗೆ ಟವೆಲ್ ಸುತ್ತಿಕೊಂಡು ನನ್ನ ಹಿಂದೆ ಕೂತರು.

ಆಶಾಬಿ ಖಾಜಾನ ಹೆಂಡತಿ. ವಾಡಿಯಲ್ಲಿ ಹಳೆಯ ಟಾಂಗಾ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಮಗನ ಜೊತೆ ಇದ್ದಾಳೆ. ಅಂಗಳದಲ್ಲಿ ಅಕ್ಕಿ ಆರಿಸುತ್ತ ಕೂತಿದ್ದ ಮುದುಕಿ ಫೋಟೋ ಕೈಗೆ ಬಂದಕೂಡಲೇ ಅಕ್ಕಿಯ ಮೊರ ಪಕ್ಕಕ್ಕಿಟ್ಟಳು. ಏನೂ ಕೇಳುವ ಮುಂಚೆಯೇ ಅವಳ ಮುಖ ಎಲ್ಲ ಹೇಳಿತು.

"ತಾಯಿದು ಕೂಸಿಗಿ ಬಂತೇನು?" ಎಂದಳು.

ಕಾಕಾ ಅವಳ ಎದುರು ಕುಕ್ಕರಗಾಲಲ್ಲಿ ಕೂತರು. "ಖರೇ ಹೇಳು ಆಶಾಬಿ. ಸುಟ್ಟಾಂವ ಖಾಜಾ ಏನು?"

"ಅಂವನೇ. ನಾ ಕುತ್ತಿಗಿ ಹಿಡದಿದ್ದೆ" ಎಂದಳು ಆಶಾಬಿ. "ಹತ್ತು ದಿನದ ಕೂಸು ಅದು. ಸುಟ್ಟು ಅಂವ ಎರಡು ದಿನ ಉಣ್ಣಲಿಲ್ಲ. ಸುಳಿ ಇದ್ದದ್ದು ಇಟ್ಟರ ಮಂದಿ ಒಯ್ಯಂಗಿಲ್ಲ, ಬಂಡಿಗಿ ಕೊಟ್ಟರ ಬಡದು ಸಾಯಸ್ತಾರ ಅಂತ ಅಳ್ತಿದ್ದ. ಆಮ್ಯಾಲ ನಿನ್ನ ಖಣಿ ಬಂದ್ ಆಯ್ತು. ನೀ ಮನಿ ಹಿಡದು ಮಲಗಿದಿ. ಇದ್ದದ್ದು ಒಂದೇ ಕುದುರಿ, ನಿನಗ ತಂದು ಕಟ್ಟಿದ."

"ನನಗ ಯಾಕ ಹೇಳಲಿಲ್ಲ? ಸುಳಿ ನೋಡಾದು ಕಲಿಸಿದಾಂವ ಅಂವನೇ. ಇಂಥಾದ್ದು ಹಟ್ಟ್ಯಾಗ ಇಡಬಾರದು ಅಂತ ಹೇಳಿದಾಂವ ಅಂವನೇ!"

"ಹೇಳಿದ್ರ ನೀ ಕಟಗೋತಿದ್ದೇನು?" ಎಂದು ಕೇಳಿದಳು ಆಶಾಬಿ.

ಕಾಕಾ ಫೋಟೋವನ್ನು ಎತ್ತಿ ಮಡಿಲಲ್ಲಿಟ್ಟುಕೊಂಡರು. ಗಲ್ಲಿಯಲ್ಲಿ ಒಂದು ಆಟೋ ಹಾದುಹೋಯಿತು. ಆಶಾಬಿ ಎದ್ದು ಚಹಾ ಮಾಡಿ ತಂದಳು, ಕುಡಿದೆವು.

ಅಲ್ಲಿಂದ ಫಾರ್ಮಿಗೆ ಹೋಗುವ ದಾರಿಯಲ್ಲಿ ಕಾಕಾ ಹಿಂದಿನಿಂದ ಒಂದೇ ಪ್ರಶ್ನೆ ಕೇಳಿದರು. "ಬಾಯೋರ, ನಿಮ್ಮ ಬಲ್ಲಿ ಎಲ್ಲಾರ ಫೋಟೋ ಅವಲ್ಲ. ಬತಾಸಿ ಮ್ಯಾಲ ಕುಂತೋರು ಎಲ್ಲಾ ಚೆಂದ ಅದಾರೇನು?"

ನಾನು ಯೋಚಿಸಿದೆ. ಸೇಡಂನ ಒಂದು ಜೋಡಿ ಬೇರೆಬೇರೆಯಾಗಿದೆ. ಚಿತ್ತಾಪುರದವರು ದಿನಾ ಜಗಳಾಡಿ ದಿನಾ ರಾಜಿಯಾಗುತ್ತಾರೆ. ಒಬ್ಬಳು ಮೊನ್ನೆ ಮೂರನೆಯ ಮಗುವಿನ ಪಾಸ್‌ಪೋರ್ಟ್ ಫೋಟೋ ತೆಗೆಸಲು ಬಂದಿದ್ದಳು, ಗಂಡನ ತಲೆ ಬೋಳಾದದ್ದನ್ನು ಹೇಳಿ ಹೇಳಿ ನಕ್ಕಳು. "ಕಾರಿನ್ಯಾಗ ಮೆರವಣಿಗಿ ಆದೋರು ಹ್ಯಾಂಗದಾರೋ ಇವರೂ ಹಾಂಗೇ ಅದಾರ ಕಾಕಾ" ಎಂದೆ. ಅವರು ನನ್ನ ಭುಜದ ಮೇಲೆ ಕೈಯಿಟ್ಟರು.

ನಾವು ಮುಟ್ಟಿದಾಗ ಬಿಸಿಲು ಇಳಿದಿತ್ತು. ಬತಾಸಿ ತೊಟ್ಟಿಯ ಹತ್ತಿರ ನಿಂತಿದ್ದಳು. ಹನ್ನೆರಡು ದಿನ ಕಾಣದ ಒಡೆಯನನ್ನು ಕಂಡು ಮೂಗಿನಲ್ಲೇ ಗುರುಗುಟ್ಟಿದಳು. ಕಾಕಾ ಹತ್ತಿರ ಹೋಗಿ ಅವಳ ಕೆನ್ನೆ ಹಿಡಿದರು. ಹೆಬ್ಬೆರಳು ಕಲೆಯ ಮೇಲೆ ಹೋಯಿತು, ಆದರೆ ಎಂದಿನ ಹಾಗೆ ತಿಕ್ಕಲಿಲ್ಲ.

"ಹದಿನೆಂಟು ವರ್ಷ ಇದಕ್ಕ ಅರಿಶಿಣ ಹಚ್ಚೀನಿ" ಎಂದರು. "ಸುಟ್ಟಿದ್ದು ಅಂತ ಗೊತ್ತಿದ್ದರ ಇಷ್ಟು ಜೋರ್ ತಿಕ್ಕತಿದ್ದಿಲ್ಲ. ನನ್ನಂಥೋರ ಹೆದರಿಕಿ ಸಲುವಾಗಿ ಸುಡಸಿಕೊಂಡೆಲ್ಲವಾ ನೀ."

ಯಂಕಮ್ಮ ಕಾಕಿ ಹುಲ್ಲಿನ ಹೊರೆ ಇಳಿಸಿ ಓಡಿ ಬಂದಳು. ಗಂಡನ ಕಣ್ಣು, ಧೂಳು, ನನ್ನ ಬುದ್ಧಿಗೇಡಿತನ, ಎಲ್ಲಕ್ಕೂ ಒಂದೇ ಉಸಿರಿಗೆ ಬೈದಳು. ಕಾಕಾ ಅವಳಿಗೆ ಫೋಟೋ ತೋರಿಸಿ ಆಶಾಬಿ ಹೇಳಿದ್ದನ್ನೆಲ್ಲ ಹೇಳಿದರು. ಕಾಕಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೇಳಿದಳು. ಮರಿ ದೂರದಲ್ಲಿ ಬೇಲಿಯ ಪರಸಿಗೆ ಮೈ ಉಜ್ಜುತ್ತಿತ್ತು.

"ಅದನ್ನ ಕರಿ" ಎಂದರು ಕಾಕಾ.

"ಹ್ಯಾಂಗ ಕರೀಲಿ? ಹೆಸರಿಡಬ್ಯಾಡ ಅಂದಿರಿ" ಎಂದು ಕಾಕಿ ಆಚೆ ಮುಖ ಮಾಡಿದಳು.

"ಸುಮ್ಮ ಕರಿಯಾ."

ಕಾಕಿ ನನ್ನನ್ನು ನೋಡಿದಳು, ನೆಲ ನೋಡಿದಳು. ಆಮೇಲೆ ಸಣ್ಣ ದನಿಯಲ್ಲಿ, "ತೊಗರಿ... ಬಾ ನನ ತೊಗರಿ" ಎಂದಳು. ಮರಿ ಕಿವಿ ನಿಮಿರಿಸಿ, ಉದ್ದ ಕಾಲು ಎತ್ತೆತ್ತಿ ಹಾಕುತ್ತ ನೆಟ್ಟಗೆ ಅವಳ ಬಳಿ ಓಡಿ ಬಂತು. ಎಷ್ಟು ದಿನದಿಂದ ಆ ಹೆಸರು ನಡೆದಿದೆಯೆಂದು ಅದರ ಓಟವೇ ಹೇಳಿತು.

"ಹುಟ್ಟಿದ ದಿನದಿಂದ ಕರ್ಯಾಕತ್ತೀನಿ. ಬೈಯೋದಿದ್ರ ಬೈರಿ" ಎಂದಳು ಕಾಕಿ.

ಕಾಕಾ ಬೈಯಲಿಲ್ಲ. ಕನ್ನಡಕ ತೆಗೆದು ಜೇಬಿನಲ್ಲಿಟ್ಟರು, ಮೊಣಕಾಲೂರಿ ಕೂತು ಮರಿಯ ಮುಖವನ್ನು ಎರಡೂ ಕೈಯಲ್ಲಿ ಹಿಡಿದರು. ಸುಳಿಯ ಮೇಲೆ ಬೆರಳಿಟ್ಟರು. ಮರಿ ಅವರ ಅಂಗಿಯ ಗುಂಡಿ ಚೀಪತೊಡಗಿತು.

"ಹೆಸರಿಟ್ಟಾದ ಮ್ಯಾಲ ಮಾರಲಿಕ್ಕೆ ಬರಂಗಿಲ್ಲ" ಎಂದರು. "ಬಂಡಿಯಾಂವಗ ಇಲ್ಲ ಅಂತ ಹೇಳ್ತೀನಿ. ಇದನ್ನ ಸುಡಂಗೂ ಇಲ್ಲ, ಮುಚ್ಚಂಗೂ ಇಲ್ಲ. ನೋಡಿ ಒಪ್ಪಿದಾಂವ ಹತ್ಲಿ, ಒಲ್ಲೆ ಅಂದಾಂವ ಕಾರ್ ತರಲಿ." ಆಮೇಲೆ ನನ್ನ ಕಡೆ ತಿರುಗಿದರು. "ಬಾಯೋರ, ನಮ್ಮ ಮೂರೂ ಮಂದೀದು ಒಂದು ಹಿಡೀರಿ. ಬಾಗಲ್ದಾಗ ಹಾಕ್ತೀನಿ, ಬಂದ ಗಿರಾಕಿಗಿ ಮೊದಲ ಅದೇ ಕಾಣ್ಲಿ. ಏನೂ ಅಳಸಬ್ಯಾಡ್ರಿ ಮತ್ತ."

ಬತಾಸಿ ಹಿಂದಿನಿಂದ ತಲೆ ತಗ್ಗಿಸಿದಳು, ಮರಿ ಮುಂದೆ ನಿಂತಿತು, ನಡುವೆ ಕಾಕಾ. ನಾನು ತೆಗೆದೆ.

ಆ ಫೋಟೋ ಈಗ ಫಾರ್ಮಿನ ಬಾಗಿಲಲ್ಲಿದೆ. ಬಂದವರು ತಾಯಿಯ ಕಲೆ ನೋಡುತ್ತಾರೆ, ಮರಿಯ ಸುಳಿ ನೋಡುತ್ತಾರೆ, ಕಾಕಾ ಖಾಜಾನ ಕಥೆ ಹೇಳುತ್ತಾರೆ. ಕೆಲವರು ಎದ್ದು ಹೋಗುತ್ತಾರೆ, ಕೆಲವರು ಮರಿ ಯಾವಾಗ ಸವಾರಿಗೆ ಬರುತ್ತದೆಂದು ಕೇಳುತ್ತಾರೆ. ಫೋಟೋದಲ್ಲಿ ಕಾಕಾನ ಆಪರೇಷನ್ ಆದ ಎಡಗಣ್ಣಿನಿಂದ, ಡಾಕ್ಟರು ಬೇಡವೆಂದರೂ, ನೀರು ಇಳಿದು ಕೆನ್ನೆಯ ಮೇಲೆ ಎರಡು ಬೆರಳು ಕೆಳಗೆ ನಿಂತಿದೆ. ಅದನ್ನೂ ನಾನು ಅಳಿಸಲಿಲ್ಲ.